ಎರಡಳತೆ ಮೇಸ್ತ್ರಿ ಉಸಿರೆಳೆಯಲು ಕಲಿತದ್ದು

ನಮ್ಮ ಬೀದಿಯ ಬಡಗಿಗೆ ‘ಎರಡಳತೆ ಮೇಸ್ತ್ರಿ’ ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಎರಡು ಸಲ ಅಳೆಯದೆ ಹಲಗೆಗೆ ಗರಗಸ ಮುಟ್ಟಿಸಿದವರಲ್ಲ. ತಮ್ಮ ಔಷಧಿಯ ವಿಷಯದಲ್ಲಿ ಮಾತ್ರ ಆರು ವರ್ಷ ಒಂದು ಸಲವೂ ಅಳೆಯಲಿಲ್ಲ.

ಅವರಿಗೆ ಉಬ್ಬಸ. ಡಾಕ್ಟರು ಬಾಯಿಗಿಟ್ಟು ಉಸಿರಿನ ಜೊತೆ ಎಳೆದುಕೊಳ್ಳುವ ಎರಡು ಪಂಪು ಬರೆದುಕೊಟ್ಟಿದ್ದರು, ಒಂದು ನೀಲಿ, ಒಂದು ಕಂದು. ನೀಲಿಯದನ್ನು ಎಳೆದರೆ ಸ್ವಲ್ಪ ಹೊತ್ತಿಗೇ ಎದೆ ಹಗುರಾಗುತ್ತಿತ್ತು. ಕಂದು ಪಂಪು ಎಳೆದರೆ ಏನೂ ಆಗುತ್ತಿರಲಿಲ್ಲ. ದಂಡದ ವಸ್ತು ಎಂದು ಅದನ್ನು ಗೋಂದಿನ ಡಬ್ಬಿಗಳ ಹಿಂದಕ್ಕೆ ತಳ್ಳಿದರು. ಜೊತೆಗೆ ಬಂದಿದ್ದ, ಇರುವೆ ಸಾಲಿನಂಥ ಅಕ್ಷರಗಳ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಓಲಾಡುತ್ತಿದ್ದ ಮೇಜಿನ ಕಾಲಿನಡಿ ಇಟ್ಟರು. ಸಾಲದ್ದಕ್ಕೆ ಪಕ್ಕದಂಗಡಿಯ ವೆಲ್ಡರ್ ಬೇರೆ ಹೆದರಿಸಿದ್ದ: “ಪಂಪು ಅಭ್ಯಾಸ ಆದ್ರೆ ಮುಗೀತಣ್ಣ, ಸಾಯೋತನಕ ಬಿಡಲ್ಲ.”

ಬದುಕು ಸದ್ದಿಲ್ಲದೆ ಕಿರಿದಾಯಿತು. ಬೀರು ಮಂಚಗಳ ಕೆಲಸ ಬಿಟ್ಟು ಸ್ಟೂಲು, ಮಣೆಗೆ ಇಳಿದರು. ಅಂಗಡಿ ನೆಲಮಹಡಿಯಲ್ಲಿ, ಮನೆ ಮೂರನೆಯ ಮಹಡಿಯಲ್ಲಿ. ಹತ್ತುವಾಗ ಪ್ರತಿ ತಿರುವಿನಲ್ಲೂ ನಿಂತು ಮೆಟ್ಟಿಲ ಕಟಕಟೆ ಅಲ್ಲಾಡಿಸಿ ನೋಡುತ್ತಿದ್ದರು, ಸಡಿಲವಾಗಿದೆಯೇನೋ ಎಂಬಂತೆ. ಉಸಿರು ಸಾಲದೆ ನಿಂತದ್ದೆಂದು ಹೆಂಡತಿಗೆ ಗೊತ್ತಿತ್ತು; ಗೊತ್ತಿಲ್ಲದವರಂತೆ ಅವರೂ ನಿಲ್ಲುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ನಷ್ಟ ಎಂದರೆ ಮೇಸ್ತ್ರಿ ನಗುವುದನ್ನೇ ನಿಲ್ಲಿಸಿದ್ದು. ನಕ್ಕರೆ ಕೆಮ್ಮು, ಕೆಮ್ಮಿದರೆ ಉಬ್ಬಸ. ಮನೆಯಲ್ಲಿ ಯಾರಾದರೂ ತಮಾಷೆ ಮಾಡಿದರೆ “ಸುಮ್ಮನಿರ್ರೋ” ಎಂದು ಎದ್ದು ಹೋಗುತ್ತಿದ್ದರು.

ಒಂದೇ ವರ್ಷದಲ್ಲಿ ಮೂರನೆಯ ಸಲ ಆಸ್ಪತ್ರೆ ಸೇರಿದರು. ಮನೆಗೆ ಹೊರಡುವ ದಿನ ನರ್ಸಮ್ಮ ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು.

“ಮೇಸ್ತ್ರಿ, ಪಂಪು ಹೇಗೆ ತಗೋತೀರಿ, ಒಂಚೂರು ತೋರಿಸಿ.”

ಮೇಸ್ತ್ರಿ ಬಾಯಿ ತೆರೆದು ನೀಲಿ ಪಂಪು ಒತ್ತಿದರು. ಅರ್ಧ ಔಷಧಿ ಹೊಗೆಯಂತೆ ಮೂಗಿನ ಮುಂದೆಯೇ ತೇಲಿಹೋಯಿತು.

“ಮತ್ತೆ ಕಂದು?”

“ಅದು ಕೆಲಸ ಮಾಡಲ್ಲಮ್ಮ. ಕೆಟ್ಟಿದೆ.”

ನರ್ಸಮ್ಮ ಬೈಯಲಿಲ್ಲ. “ನಿಮ್ಮದೇನೂ ತಪ್ಪಿಲ್ಲ. ಬರೆದುಕೊಟ್ಟೋರು ತೋರಿಸಿಕೊಟ್ಟಿಲ್ಲ, ಅಷ್ಟೆ” ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಒಳಗೆ ಶ್ವಾಸನಾಳ ಊದಿಕೊಂಡಿರುತ್ತದೆ. ನೀಲಿಯದು ಬಿಗಿದ ದಾರಿಯನ್ನು ಆ ಹೊತ್ತಿಗೆ ಸಡಿಲಿಸುತ್ತದೆ, ಊತ ಹಾಗೇ ಉಳಿಯುತ್ತದೆ. ಊತ ಇಳಿಸುವುದು ಕಂದಿನ ಕೆಲಸ. ದಿನಾ ಎರಡು ಹೊತ್ತು, ವಾರಗಟ್ಟಲೆ. ಪಂಪು ಅಲುಗಾಡಿಸಬೇಕು, ಉಸಿರು ಪೂರ್ತಿ ಬಿಡಬೇಕು, ತುಟಿ ಬಿಗಿಯಬೇಕು, ಉಸಿರೆಳೆಯಲು ಶುರುಮಾಡುತ್ತಲೇ ಒತ್ತಬೇಕು, ಹತ್ತು ಎಣಿಸುವವರೆಗೆ ತಡೆಯಬೇಕು. ಕಂದಿನದಾದ ಮೇಲೆ ಬಾಯಿ ಮುಕ್ಕಳಿಸಬೇಕು.

“ಈಗ ನೀವು ಅಕ್ಕನಿಗೆ ಹೇಳಿಕೊಡಿ. ನಾನು ಸರಿಯಾಗಿ ಹೇಳಿದ್ನೋ ಇಲ್ವೋ ಗೊತ್ತಾಗಲಿ.”

ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದ ಹೆಂಡತಿಯತ್ತ ತಿರುಗಿದರು. “ನೋಡೇ, ಬಾಗಿಲಿಗೆ ಬಣ್ಣ ಬಳಿಯೋ ಮೊದಲು ಪ್ರೈಮರ್ ಹಚ್ತೀವಲ್ಲ? ಹಚ್ಚಿದ್ದು ಯಾರ ಕಣ್ಣಿಗೂ ಕಾಣಲ್ಲ. ಹಚ್ಚದಿದ್ರೆ ಬಣ್ಣ ನಿಲ್ಲಲ್ಲ. ಕಂದು ಪಂಪು ಆ ಥರ.”

“ಗುಣ ಆಗಿದೆ ಅನ್ನಿಸಿದ್ರೆ ಬಿಡಬಹುದಾ, ಸಿಸ್ಟರ್?” ಹೆಂಡತಿ ಕೇಳಿದರು.

“ಡಾಕ್ಟರನ್ನ ಕೇಳದೆ ಬಿಡಬಾರದು ಅಕ್ಕ. ಹಾಗನ್ನಿಸೋದೇ ಅದು ಕೆಲಸ ಮಾಡ್ತಿರೋದ್ರಿಂದ.”

ಮೊದಲ ಹತ್ತು ದಿನ ಏನೂ ಬದಲಾಗಲಿಲ್ಲ. ಮೇಸ್ತ್ರಿ ಗೊಣಗಿದರೆ ಹೆಂಡತಿ, “ಪ್ರೈಮರ್ ಒಣಗಲಿ ತಡೀರಿ” ಎನ್ನುತ್ತಿದ್ದರು. ಮೂರನೆಯ ವಾರ ಒಂದು ಸಂಜೆ ಮೇಸ್ತ್ರಿ ಹೆಂಡತಿಗೆ ಗಿರಾಕಿಯೊಬ್ಬನ ಜಿಪುಣತನದ ಕತೆ ಹೇಳುತ್ತಾ ಮೆಟ್ಟಿಲು ಹತ್ತಿದರು. ಕತೆ ಮುಗಿಯುವಾಗ ಮನೆಯ ಬಾಗಿಲಲ್ಲಿದ್ದರು. ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಮೇಸ್ತ್ರಿ ನಕ್ಕ ನಗೆಗೆ ಎದುರುಮನೆಯವರು ಬಾಗಿಲು ತೆರೆದು ಏನಾಯಿತೆಂದು ಇಣುಕಿದರು.

ಕಾಯಿಲೆ ಹೋಗಲಿಲ್ಲ. ಆದರೆ ಅದರ ಗುಟ್ಟು ಇವರಿಗೆ ಗೊತ್ತಾಗಿತ್ತು. ಪುಡಿ ಏಳುವ, ಮರ ಉಜ್ಜುವ ಕೆಲಸವನ್ನು ಹಿತ್ತಿಲ ಬಯಲಿಗೆ ಸಾಗಿಸಿದರು, ಮಾಸ್ಕ್ ಕಟ್ಟಿದರು, ಮರದ ಪುಡಿಗೆ ನೀರು ಚಿಮುಕಿಸಿಯೇ ಗುಡಿಸಿದರು. ಡಾಕ್ಟರ ಬಳಿ ಹೋಗುವಾಗ ಪ್ಲೈವುಡ್ ಚೂರಿನ ಮೇಲೆ ಪೆನ್ಸಿಲಿನಲ್ಲಿ ಮೂರು ಪ್ರಶ್ನೆ ಬರೆದುಕೊಂಡು ಹೋದರು. ಡಾಕ್ಟರು ನಗುತ್ತಲೇ ಮೂರಕ್ಕೂ ಉತ್ತರ ಕೊಟ್ಟರು. ಚಳಿಗಾಲದಲ್ಲಿ ನೆಗಡಿ ಹಿಡಿದು ಎದೆ ಬಿಗಿದಾಗ ಮೊದಲಿನಂತೆ ಮೂರು ದಿನ ಕಾಯಲಿಲ್ಲ. ಅಂದೇ ಆಸ್ಪತ್ರೆಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದರು.

ಈಚೆಗೆ ಎರಡನೆಯ ಮಹಡಿಯ ಟೈಲರಮ್ಮ ತಮ್ಮ ತಂದೆಯ ಮಾತ್ರೆಗಳ ಚೀಲ ಹಿಡಿದು ಅಂಗಡಿಗೆ ಬಂದರು. “ಅಣ್ಣ, ಇದರಲ್ಲಿ ಯಾವುದು ಯಾವಾಗ ಅಂತ ಅಪ್ಪನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.”

“ನಾನು ಮರದ ಡಾಕ್ಟರು ಕಣಮ್ಮ. ಮಾತ್ರೆ ವಿಷಯ ನನಗೂ ಗೊತ್ತಿಲ್ಲ” ಎಂದರು ಮೇಸ್ತ್ರಿ. ಕೈಯ ಪುಡಿ ಕೊಡವಿಕೊಂಡು, ಬಾಗಿಲೆಳೆದು ಬೀಗ ಹಾಕಿದರು. “ಆದ್ರೆ ಯಾರನ್ನ ಕೇಳಬೇಕು, ಹೇಗೆ ಕೇಳಬೇಕು ಅಂತ ಗೊತ್ತು. ಅಪ್ಪನ್ನ ಕರ್ಕೊಂಡು ಬಾ, ಹೋಗಿ ಕೇಳೋಣ.”