ಸಡಿಲ ಬೆಲ್ಟಿನ ಹಾಡು

ನನ್ನ ಹೊಲಿಗೆ ಅಂಗಡಿಗೂ ಪಕ್ಕದ ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿಗೂ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ರಿಪೇರಿಯವರು ಹಾಕಿದ ಹಾಡನ್ನು ಬೇಡವೆಂದರೂ ನಾನು ಕೇಳಲೇಬೇಕಿತ್ತು. ಗಿರಾಕಿಗಳ ಮೆಷಿನ್ನುಗಳನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸರಿಮಾಡುತ್ತಿದ್ದ ಆ ಮನುಷ್ಯ ಸ್ವಂತ ಮೆಷಿನ್ನಿನ ರಬ್ಬರ್ ಬೆಲ್ಟ್ ಸಡಿಲವಾಗಿದ್ದರೂ ಮುಟ್ಟುತ್ತಿರಲಿಲ್ಲ. ಎಂಥ ಹಾಡು ಹಾಕಿದರೂ ಅದರಲ್ಲಿ ನಿಧಾನವಾಗಿ, ತಗ್ಗಿದ ದನಿಯಲ್ಲಿ, ಆಗಷ್ಟೇ ನಿದ್ದೆಯಿಂದ ಎದ್ದವರ ಹಾಗೆ ಬರುತ್ತಿತ್ತು.

ತಾಯಿ ಕಾರ್ಖಾನೆಗೆ ಹೋಗುತ್ತಿದ್ದುದರಿಂದ ರಿಪೇರಿಯವರ ಮಗಳು ಬೆಳೆದದ್ದು ಆ ಅಂಗಡಿಯ ಮೇಜಿನ ಕೆಳಗೆ. ಶಾಲೆಯಲ್ಲಿ ಎಲ್ಲರೂ ಹಾಡು ಮುಗಿಸಿ ಕೂತಾಗ ಇವಳಿನ್ನೂ ಹಾಡಿನ ಎರಡನೇ ಸಾಲಿನಲ್ಲಿದ್ದಳಂತೆ. ಅಂದಿನಿಂದ ಅವಳಿಗೆ 'ನಿಧಾನಮ್ಮ' ಎಂಬ ಹೆಸರು ಬಿತ್ತು. ನಾನೂ ಹಾಗೇ ಕರೆದು ಕಾಡಿಸುತ್ತಿದ್ದೆ.

ಹತ್ತು ವರ್ಷದವಳಿದ್ದಾಗ ಒಂದು ದಿನ ಗೆಳತಿಯ ಮನೆಯಿಂದ ಓಡಿ ಬಂದಳು.

"ಅಪ್ಪ, ಅವರ ಮನೆ ಮೆಷಿನ್ ಕೆಟ್ಟೋಗಿದೆ. ನಮ್ಮ ಹಾಡು ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತೆ!"

"ಕೆಟ್ಟಿರೋದು ನಮ್ಮದು ಕಣಮ್ಮ. ಹೊಸ ಬೆಲ್ಟ್ ಹಾಕ್ಲಾ?"

ಗೋಡೆಯಾಚೆ ಗುಂಡಿ ಒತ್ತಿದ ಸದ್ದು, ಅದೇ ಎಳೆದ ಹಾಡು. ಆಮೇಲೆ ಅವಳ ದನಿ: "ಬೇಡ. ನಂಗೆ ಹೀಗೇ ಇಷ್ಟ."

"ಹಾಗಾದ್ರೆ ಇದನ್ನ ಯಾರೂ ಮುಟ್ಟೋದು ಬೇಡ," ಎಂದರು ಅಪ್ಪ.

ದೊಡ್ಡವಳಾದ ಮೇಲೂ ಅವಳಿಗೆ ಅವಸರದ ಹಾಡು ಹಿಡಿಸಲಿಲ್ಲ. ತಗ್ಗಿದ, ಎಳೆದ ದನಿಯಿದ್ದರಷ್ಟೇ ತಲೆದೂಗುತ್ತಿದ್ದಳು. ಅದೇ ಕಿವಿ ಕಸುಬಿಗೂ ಬಂತು. ಮುಚ್ಚಳ ಬಿಚ್ಚದೆಯೇ, ಕೇಳಿಯೇ, ಯಾವ ಮೆಷಿನ್ನಿನ ಬೆಲ್ಟ್ ಎಷ್ಟು ಜಗ್ಗಿದೆ ಎಂದು ಹೇಳಿಬಿಡುತ್ತಿದ್ದಳು.

ಅಪ್ಪ ಎದೆನೋವೆಂದು ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಅಂಗಡಿ ಮಗಳ ಕೈಗೆ ಬಂತು. ತಿಂಗಳಾದ ಮೇಲೆ ಡ್ರಾಯರಿನಲ್ಲಿ ಒಂದು ಹಳೇ ಕ್ಯಾಸೆಟ್ ಸಿಕ್ಕಿತು. ಮೈಕ್ ರಿಪೇರಿ ಮಾಡಿದಾಗಲೆಲ್ಲ ಅಪ್ಪ ತಮ್ಮ ಮೆಷಿನ್ನಿನಲ್ಲೇ ಮಾತು ರೆಕಾರ್ಡ್ ಮಾಡಿ ಪರೀಕ್ಷಿಸುತ್ತಿದ್ದರು. ಆ ಕ್ಯಾಸೆಟ್ಟಿನಲ್ಲಿ ಅವರ ದನಿ ಇತ್ತು: "ಒಂದು, ಎರಡು, ಮೂರು... ಮಗಳೇ, ಊಟ ಆಯ್ತಾ?"

ಅಪ್ಪನ ಮೆಷಿನ್ನಿನಲ್ಲಿ ಹಾಕಿದರೆ ಬೆಲ್ಟ್ ಜಾರಿ ಜಾರಿ ಮಾತು ನಡುವೆ ತೊದಲುತ್ತಿತ್ತು. ಅಪ್ಪನ ದನಿ ಚೆನ್ನಾಗಿ ಕೇಳಲಿ ಎಂಬ ಆಸೆಗೆ ಅವಳು ಹೊಸ ಬೆಲ್ಟ್ ಹಾಕಿದಳು. ಹಳೆಯದನ್ನು ಕತ್ತರಿಸಿ ಎಸೆದಳು. ಹೊಸದರ ಜೊತೆ ಸೇರಿಹೋಗದಂತೆ ಹಳೇ ಬೆಲ್ಟನ್ನು ಕತ್ತರಿಸಿಯೇ ಎಸೆಯಬೇಕು ಎಂಬುದು ಅಪ್ಪನೇ ಕಲಿಸಿದ ಪಾಠ. ಕೈ ಯೋಚಿಸಲಿಲ್ಲ.

ನಿಧಾನದ ಮೆಷಿನ್ನಿನಲ್ಲಿ ಹಿಡಿದ ದನಿ ಸರಿಯಾದ ವೇಗಕ್ಕೆ ಬಂದಾಗ ಕೀಚಲಾಯಿತು. ಯಾವುದೋ ಅಪರಿಚಿತ ಹುಡುಗ ಊಟ ಆಯಿತೇ ಎಂದು ಕೇಳಿದಂತಿತ್ತು. ಅವಳು ಕಸದ ಡಬ್ಬಿ ಬುಡಮೇಲು ಮಾಡಿ ತುಂಡಾದ ಬೆಲ್ಟ್ ಹಿಡಿದು ನನ್ನಲ್ಲಿಗೆ ಬಂದಳು.

"ಮಾವ, ಇದನ್ನ ಹೊಲಿಯೋಕಾಗುತ್ತಾ?"

ಅತಿ ಸಣ್ಣ ಸೂಜಿ ತೆಗೆದೆ. ಬಟ್ಟೆಯಾಗಿದ್ದರೆ ಜೋಡಿಸಿದ್ದೇ ಗೊತ್ತಾಗದಂತೆ ಹೊಲಿಯುತ್ತಿದ್ದೆ. ಮುದಿ ರಬ್ಬರು, ಮೂರು ಸಲವೂ ಹೊಲಿಗೆ ಹರಿದುಕೊಂಡು ಬಂತು. ನಲವತ್ತು ವರ್ಷದ ನನ್ನ ಕಸುಬಿನ ಮೇಲೆ ಅಂದು ಬಂದಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಆ ಹಳೇ ಮೋಟರಿನಲ್ಲಿ ವೇಗ ತಗ್ಗಿಸುವ ಸ್ಕ್ರೂ ಕೂಡ ಇರಲಿಲ್ಲ.

ನಾನೂ ಅವಳ ಹಿಂದೆ ಪಕ್ಕದ ಅಂಗಡಿಗೆ ಹೋದೆ. ಅವಳು ಮೆಷಿನ್ನಿನ ಮುಚ್ಚಳ ತೆಗೆದು, ಕ್ಯಾಸೆಟ್ ಓಡಿಸಿ, ತಿರುಗುವ ಚಕ್ರದ ಮೇಲೆ ಬೆರಳಿಟ್ಟಳು. ಕಣ್ಣು ಮುಚ್ಚಿ, ಕಿವಿಗೊಟ್ಟು, ಕೂದಲೆಳೆಯಷ್ಟು ಒತ್ತಿದಳು. ಕೀಚಲು ದನಿ ಇಳಿಯಿತು, ಇನ್ನೂ ಇಳಿಯಿತು.

"ಮಗಳೇ, ಊಟ ಆಯ್ತಾ?"

ಅವರೇ. ಇಷ್ಟು ವರ್ಷ ಹಲಗೆಯಾಚೆಯಿಂದ ನಾನು ಕೇಳಿದ್ದ ದನಿಯೇ. ನನಗೆ ಅಳು ತಡೆಯಲಾಗಲಿಲ್ಲ.

"ಇನ್ನೊಂದು ಸಲ ಹಾಕು ನಿಧಾನಮ್ಮ," ಎಂದೆ.

ಅವಳು ಬೆರಳು ತೆಗೆದು ಮೆಷಿನ್ ನಿಲ್ಲಿಸಿದಳು. "ಬೇಡ ಮಾವ. ಹೀಗೆ ಒತ್ತುತ್ತಾ ಇದ್ರೆ ಟೇಪ್ ಸಿಕ್ಕಿಕೊಂಡು ಹರಿದುಹೋಗುತ್ತೆ."