ಅಂಟಕ್ಕನ ಮೂಗು

ಮಧ್ಯಾಹ್ನದ ಗಂಟೆ ಹೊಡೆಯಿತು. ಶೂ ಕಾರ್ಖಾನೆಯ ಹೆಂಗಸರು ಕೈ ತೊಳೆದುಕೊಂಡು ಮೆಟ್ಟಿಲ ಕೆಳಗಿನ ಉದ್ದ ಬೆಂಚಿನಲ್ಲಿ ಸಾಲಾಗಿ ಕೂತರು. ಅಂಟಕ್ಕ ಊಟದ ಡಬ್ಬಿಯ ಮುಚ್ಚಳ ತೆಗೆದಳು, ಆದರೆ ಕೈ ಹಾಕಲಿಲ್ಲ. ಡಬ್ಬಿಯನ್ನು ಎತ್ತಿ ಮುಖದ ಹತ್ತಿರ ತಂದು, ಕಣ್ಣು ಮುಚ್ಚಿ, ನಿಧಾನವಾಗಿ ಮೂಸಿದಳು.

"ಶುರುವಾಯ್ತು ನೋಡು ಇವಳ ಧ್ಯಾನ," ಎಂದಳು ಪಕ್ಕದಲ್ಲಿದ್ದ ಹೊಲಿಗೆಯವಳು. "ಮೂಸಿಯೇ ಹೊಟ್ಟೆ ತುಂಬೋದಾದ್ರೆ ಆ ಡಬ್ಬಿ ಇತ್ತ ತಳ್ಳು ಮಾರಾಯ್ತಿ."

"ಬೆಳ್ಳುಳ್ಳಿ ಸ್ವಲ್ಪ ಸೀದಿದೆ ಕಣೇ," ಎಂದಳು ಅಂಟಕ್ಕ. ಅಡುಗೆ ಸೀದದ್ದನ್ನು ಅಷ್ಟು ಹೆಮ್ಮೆಯಿಂದ ಹೇಳಿದವರು ಆ ಬೆಂಚಿನಲ್ಲಿ ಬೇರೆ ಯಾರೂ ಇಲ್ಲ.

ಹೆಸರು ಅಂಟಕ್ಕ ಎಂದಿದ್ದರೂ ಅವಳೀಗ ಅಂಟು ಮುಟ್ಟುವುದಿಲ್ಲ. ಕಿಟಕಿ ಪಕ್ಕದ ಮೇಜಿನಲ್ಲಿ ಶೂಗಳಿಗೆ ಲೇಸು ಪೋಣಿಸುತ್ತಾಳೆ. ಅದಕ್ಕೆ ಮೊದಲು, ಮದುವೆಗೂ ಮುಂಚಿನಿಂದ, ಅವಳ ಕೈಯಲ್ಲಿ ಇದ್ದದ್ದು ಬ್ರಷ್ಷು. ಅಟ್ಟೆಗೆ ಅಂಟು ಸವರಿ, ಅದು ಹದವಾಗಿ ಒಣಗುವುದನ್ನು ಬೆರಳ ತುದಿಯಲ್ಲಿ ನೋಡಿ, ಶೂವಿನ ತಳಕ್ಕೆ ಒತ್ತಿ ಕೂರಿಸುವ ಕೆಲಸ. ಶೂ ಹರಿದರೂ ಅವಳು ಕೂರಿಸಿದ ಅಟ್ಟೆ ಬಿಡುವುದಿಲ್ಲ ಎಂದು ಮೇಸ್ತ್ರಿ ಹೊಸಬರಿಗೆ ತೋರಿಸುತ್ತಿದ್ದ.

ಆ ಮೇಜಿನ ವಾಸನೆಗೆ ಹೊಸಬರಿಗೆ ಮೊದಲ ವಾರ ತಲೆ ಸಿಡಿಯುತ್ತದೆ. ಆಮೇಲೆ ಅಭ್ಯಾಸವಾಗುತ್ತದೆ. ಅಭ್ಯಾಸವಾಯಿತು ಎಂದರೆ ಮೂಗು ಕೈಬಿಟ್ಟಿತು ಎಂದರ್ಥ ಎಂಬುದು ಅವಳಿಗೂ ಗೊತ್ತಿರಲಿಲ್ಲ, ಉಳಿದವರಿಗೂ ಗೊತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವಳು ಮತ್ತು ಹೈಸ್ಕೂಲಿಗೆ ಹೋಗುವ ಮಗಳು, ಇಬ್ಬರೇ. ಮಗಳ ಮಾತು ಖಾರ; ಅದಕ್ಕೇ ಅವಳನ್ನು ಮೆಣಸು ಎಂದು ಕರೆಯುವುದು. ಹರೆಯದ ಮಕ್ಕಳು ಸಿಗರೇಟು, ಕುಡಿತ ಎಂದು ಹಾಳಾಗುತ್ತಿರುವ ಸುದ್ದಿ ಬೀದಿಯಲ್ಲಿ ಹರಿದಾಡಿದಾಗ ಅಂಟಕ್ಕ ಒಂದು ಪದ್ಧತಿ ಮಾಡಿಕೊಂಡಳು. ಸಂಜೆ ಕೆಲಸದಿಂದ ಬಂದವಳೇ ಬಾಗಿಲಲ್ಲೇ ಮಗಳನ್ನು ತಬ್ಬಿ, ಬಾಯಿ, ಕೂದಲು, ಅಂಗಿಯ ಕಾಲರು ಮೂಸುವುದು. "ನನ್ನ ಮೂಗು ಪೊಲೀಸು," ಎಂದು ಅಕ್ಕಪಕ್ಕದ ಮನೆಯವರಿಗೆ ಹೇಳಿಕೊಳ್ಳುತ್ತಿದ್ದಳು. "ನನ್ನ ಕಣ್ಣು ತಪ್ಪಿಸಬಹುದು, ಮೂಗು ತಪ್ಪಿಸೋಕಾಗಲ್ಲ."

ಬಾಗಿಲ ಪಕ್ಕದ ಚಪ್ಪಲಿ ಗೂಡಿನಲ್ಲಿ ಒಂದು ಜಾಮಿನ ಬಾಟಲಿ ಇತ್ತು. ಕಾರ್ಖಾನೆಯಲ್ಲಿ ಉಳಿದ ಅಂಟನ್ನು ಎಲ್ಲರೂ ಹಾಗೆ ಮನೆಗೆ ತರುತ್ತಿದ್ದರು. ಬೀದಿಯವರ ಚಪ್ಪಲಿ ಕಿತ್ತರೆ ಅಂಟಕ್ಕನ ಮನೆಯೇ ಗತಿ. ಬಾಟಲಿಯಲ್ಲಿ ಅಂಟು ಇಳಿಯುತ್ತಿರುವುದು ಅವಳ ಕಣ್ಣಿಗೆ ಬಿದ್ದಿತ್ತು. ಅಂಟು ಗಾಳಿಗೆ ಆರಿ ಇಳಿಯುವ ವಸ್ತು. ಮುಚ್ಚಳ ಸಡಿಲವಿರಬೇಕು ಎಂದುಕೊಂಡು ಬಿಗಿ ಮಾಡಿದಳು.

ಮೆಣಸು ಸಂಜೆಯಾದರೆ ತಲೆನೋವು ಎನ್ನತೊಡಗಿದಳು. ಅಂಟಕ್ಕನಿಗೂ ಸಂಜೆ ತಲೆನೋವು ಇದ್ದದ್ದೇ. ಮೆಣಸಿಗೆ ಊಟ ಸೇರುತ್ತಿರಲಿಲ್ಲ, ಅಮ್ಮನಿಗೂ ಸೇರುತ್ತಿರಲಿಲ್ಲ. ಕಣ್ಣು ಕೆಂಪು, ಬಾಯಿಯ ಸುತ್ತ ಸಣ್ಣ ಗುಳ್ಳೆ, ಮಾತಾಡಿಸಿದರೆ ಸಿಡುಕು, ಹಳೆಯ ಗೆಳತಿಯರ ಸುದ್ದಿಯೇ ಇಲ್ಲ. ಬೇರೆ ಯಾವ ತಾಯಿಯಾದರೂ ಇಷ್ಟು ಹೊತ್ತಿಗೆ ಹೌಹಾರುತ್ತಿದ್ದಳು. ಅಂಟಕ್ಕ ಮಾತ್ರ, "ನನ್ನ ಮಗಳಲ್ವಾ, ನನ್ನ ಹಾಗೇ," ಎಂದು ಒಳಗೊಳಗೇ ಖುಷಿಪಟ್ಟಳು.

ಗುಟ್ಟು ಒಡೆದದ್ದು ತಂಗಿ ಬಂದ ದಿನ. ಮೆಣಸು ಚಿಕ್ಕಮ್ಮನನ್ನು ತಬ್ಬಿಕೊಂಡಳು. ತಂಗಿ ಮುಖ ಹಿಂದಕ್ಕೆ ತೆಗೆದಳು.

"ಅಕ್ಕಾ, ಇವಳ ಬಾಯಿಂದ ಅಂಟಿನ ವಾಸನೆ ಬರ್ತಿದೆ."

"ನನ್ನ ಮೈ ವಾಸನೆ ಕಣೇ ಅದು. ಇಡೀ ಮನೆಗೇ ಹತ್ತಿದೆ."

"ನಿನ್ನ ಮೈ ವಾಸನೆ ನಂಗೊತ್ತಿಲ್ವಾ? ಇದು ಉಸಿರಿಂದ ಬರ್ತಿದೆ."

ಮೆಣಸು ಮುಖ ತಗ್ಗಿಸಿದಳು. ಅಂಟಕ್ಕನ ಕೈ ಮೇಲೆದ್ದಿತು. ತಂಗಿ ಅದನ್ನು ಗಾಳಿಯಲ್ಲೇ ಹಿಡಿದಳು. "ಅಕ್ಕಾ, ಮೊದಲು ಕೇಳು. ಹೊಡೆಯೋದು ಎಲ್ಲಿಗೂ ಓಡಿಹೋಗಲ್ಲ."

ಹುಡುಗಿ ಬಾಯಿಬಿಟ್ಟಳು. "ಶಾಲೆ ಬಿಟ್ಟು ಬಂದ್ರೆ ಮನೇಲಿ ಯಾರೂ ಇರ್ತಿರ್ಲಿಲ್ಲ. ಮುಚ್ಚಳ ತೆಗೆದ್ರೆ ಅಮ್ಮ ಬಂದ ಹಾಗೆ ವಾಸನೆ ಬರ್ತಿತ್ತು. ಮೊದ್ಲು ಅಷ್ಟೇ. ಆಮೇಲೆ ತಲೆ ತಿರುಗೋದು ಹಿತ ಅನ್ನಿಸ್ತು. ಈಗ ಹಿತಾನೂ ಅನ್ಸಲ್ಲ. ಬಿಡೋಕೆ ಆಗ್ತಿಲ್ಲ."

ಮೇಲೆದ್ದ ಕೈಯನ್ನು ಎಲ್ಲಿಡಬೇಕೆಂದು ಅಂಟಕ್ಕನಿಗೆ ತಿಳಿಯಲಿಲ್ಲ. ಬಾಟಲಿ ತೆಗೆದು ಮೂಗಿಗೆ ಹಿಡಿದಳು. ಏನೂ ಇಲ್ಲ. ನೀರು ಮೂಸಿದ ಹಾಗೆ. ಇಷ್ಟು ದಿನ ಬಾಗಿಲಲ್ಲಿ ನಡೆದ ತಪಾಸಣೆ ಎಂಥದ್ದೆಂದು ಅವಳಿಗೆ ಆಗ ಅರ್ಥವಾಯಿತು.

ಆರೋಗ್ಯ ಕೇಂದ್ರದ ಸಲಹೆಗಾರ್ತಿ ಸುತ್ತಿ ಬಳಸಿ ಮಾತಾಡಲಿಲ್ಲ. ಈ ಹೊಗೆಯಿಲ್ಲದ ನಶೆ ಒಂದೇ ಸಲಕ್ಕೂ ಹೃದಯ ನಿಲ್ಲಿಸಬಲ್ಲದು ಎಂದರು. ಮಗಳೊಂದಿಗೆ ಬೇರೆಯಾಗಿ ಮಾತಾಡಿದರು, ವೈದ್ಯರಿಗೆ ತೋರಿಸಿದರು. ಆಮೇಲೆ ತಾಯಿಯ ಕಡೆ ತಿರುಗಿದರು.

"ಬೈದ್ರೆ ಬಿಡಲ್ಲಮ್ಮ, ಬಚ್ಚಿಡ್ತಾಳೆ. ಮೂಸಿ ಹಿಡಿಯೋದು ಬಿಟ್ಬಿಡಿ. ದಿನಾ ಕೇಳಿ. ಹೇಳಿದ್ದನ್ನ ಕೊನೇವರೆಗೂ ಕೇಳಿಸ್ಕೊಳ್ಳಿ."

"ಸುಳ್ಳು ಹೇಳಿದ್ರೆ?"

"ಹೇಳ್ತಾಳೆ. ನಿಜ ಹೇಳಿದ ದಿನ ಏಟು ಬಿದ್ರೆ ಸುಳ್ಳೇ ಗಟ್ಟಿಯಾಗುತ್ತೆ. ನಿಜ ಹೇಳಿದ ದಿನ ನೀವು ಏನ್ಮಾಡ್ತೀರಿ, ಅದನ್ನ ಯೋಚ್ನೆ ಮಾಡಿ."

ಅಂಟಕ್ಕ ಮೇಸ್ತ್ರಿಯ ಹತ್ತಿರ ಹೋಗಿ ಅಂಟಿನ ಮೇಜು ಬೇಡ ಎಂದಳು. "ಲೇಸು ಪೋಣಿಸ್ತೀಯಾ? ಆನೆ ಬಂದು ಸೂಜಿ ಹೆಕ್ಕಿದ ಹಾಗಾಯ್ತಲ್ಲಮ್ಮ," ಎಂದು ಆತ ನಕ್ಕ. ಕಾರಣ ಕೇಳಿದ ಮೇಲೆ ನಗಲಿಲ್ಲ. ಬೆಳಗಿನ ಪಾಳಿಗೂ ಹಾಕಿಕೊಟ್ಟ. ಮೆಣಸು ಶಾಲೆಯಿಂದ ಬರುವ ಹೊತ್ತಿಗೆ ಬಾಗಿಲು ತೆರೆದಿರತೊಡಗಿತು.

ಸಂಜೆ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂರುತ್ತಿದ್ದರು. "ಇವತ್ತು ಹೇಗಿತ್ತು?" ಅಷ್ಟೇ ಪ್ರಶ್ನೆ. ಬಹಳ ದಿನ "ಹೂಂ" ಬಿಟ್ಟರೆ ಬೇರೆ ಉತ್ತರವಿರಲಿಲ್ಲ. ಒಂದು ಸಂಜೆ ಮೆಣಸು ಗೋಡೆ ನೋಡುತ್ತ ಹೇಳಿದಳು: "ಇವತ್ತು ಮೂಸಿದೆ. ಗೆಳತಿ ಮನೇಲಿ."

ಅಂಟಕ್ಕ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಅವುಗಳ ಮೇಲೆ ಭಾರ ಹಾಕಿ ಕೂತಳು. "ಹೇಳಿದ್ಯಲ್ಲ," ಎಂದಳು. "ನಾಳೆ ಇಬ್ರೂ ಹೋಗಿ ಮೇಡಂಗೆ ಹೇಳೋಣ."

ಮೆಣಸು ತಿರುಗಿ ಅಮ್ಮನನ್ನು ನೋಡಿದಳು. "ಬೈಯಲ್ವಾ?"

"ಬಯ್ಗುಳ ಬಾಯಿ ತುಂಬಾ ಇದೆ. ನುಂಗ್ತಾ ಇದೀನಿ. ನೀನು ಮಾತಾಡು."

ಅಂಟಕ್ಕನ ಮೂಗನ್ನೂ ನೋಡಿದ ವೈದ್ಯರು ಅದು ಮರಳಿ ಬರುತ್ತದೆ ಎಂದು ಮಾತು ಕೊಟ್ಟಿರಲಿಲ್ಲ. ಅದು ಬಂದದ್ದು ಕಳ್ಳಹೆಜ್ಜೆಯಲ್ಲಿ. ಮೊದಲು ಸೀಮೆಎಣ್ಣೆ, ಆಮೇಲೆ ಬಟ್ಟೆ ಸೋಪು, ಒಂದು ಬೆಳಿಗ್ಗೆ ಪೆನ್ಸಿಲ್ ಕೆತ್ತಿದ ಸಿಪ್ಪೆ. ಪ್ರತಿ ಸಲವೂ ಅಂಟಕ್ಕ ಕೆಲಸ ನಿಲ್ಲಿಸಿ, ಯಾರೋ ಹೆಗಲು ಮುಟ್ಟಿದಂತೆ ಸುತ್ತ ನೋಡುತ್ತಿದ್ದಳು.

ಒಂದು ರಜಾ ದಿನ ಮೆಣಸು ಅಮ್ಮನ ಮುಂದೆ ಕೂತು ತಲೆ ಬಾಚಿಸಿಕೊಳ್ಳುತ್ತಿದ್ದಳು. ಬಾಚಣಿಗೆ ನಡುವೆಯೇ ನಿಂತಿತು. ಅಂಟಕ್ಕ ಬಗ್ಗಿ ಮಗಳ ನೆತ್ತಿಗೆ ಮುಖ ಒತ್ತಿದಳು.

"ಏನಮ್ಮಾ, ಪೊಲೀಸು ಮತ್ತೆ ಡ್ಯೂಟಿಗೆ ಬಂತಾ?"

"ಸುಮ್ನಿರು." ಅಂಟಕ್ಕನ ದನಿ ಸಣ್ಣಗಾಗಿತ್ತು. ಬಿಸಿಲಲ್ಲಿ ಆಡಿ ಬಂದ ಮೈಯ ಬೆವರು, ನಿನ್ನೆಯ ಎಣ್ಣೆ, ಅವುಗಳ ಕೆಳಗೆ ಹೆಸರಿಲ್ಲದ ಒಂದು ಬೆಚ್ಚನೆಯ ವಾಸನೆ. ಹಸುಗೂಸಿನ ನೆತ್ತಿಯ ವಾಸನೆಯ ಬಗ್ಗೆ ಬೆಂಚಿನ ಹೆಂಗಸರು ಹೇಳುವಾಗಲೆಲ್ಲ ಅವಳೂ ತಲೆಯಾಡಿಸುತ್ತಿದ್ದಳು. ಮೆಣಸು ಹುಟ್ಟುವ ಮೊದಲೇ ಆ ಮೂಗು ಸತ್ತಿತ್ತು. ಹೆತ್ತ ಮಗಳ ವಾಸನೆ ಅವಳಿಗೆ ಸಿಕ್ಕಿದ್ದು ಇದೇ ಮೊದಲು.

"ನೀನು ಹೀಗಿರ್ತೀಯಾ?" ಎಂದಳು. ಮೆಣಸು ತಲೆಯನ್ನು ಹಾಗೇ ಹಿಂದಕ್ಕೆ ಒರಗಿಸಿದಳು. ಜಡೆ ಅರ್ಧಕ್ಕೇ ಉಳಿಯಿತು.

ಇದನ್ನೆಲ್ಲ ಅಂಟಕ್ಕ ಮಗಳ ಅನುಮತಿ ಪಡೆದು ಬೆಂಚಿನಲ್ಲಿ ಹೇಳಿದಳು. ಅಂಟಿನ ಮೇಜಿನ ಹೆಂಗಸರು ಊಟ ಬಿಟ್ಟು ಕೂತರು. ಮರುದಿನ ಒಬ್ಬೊಬ್ಬರೇ ಚೀಲದಿಂದ ಬಾಟಲಿ ತೆಗೆದು ಮೇಸ್ತ್ರಿಯ ಮುಂದಿಟ್ಟರು. ಈಗ ಉಳಿದ ಅಂಟು ಕಬ್ಬಿಣದ ಕಪಾಟಿಗೆ ಹೋಗುತ್ತದೆ. ಹೊಲಿಗೆಯವಳು ತಮಾಷೆ ಮುಗಿಸಿದ ಮೇಲೆ, ಯಾರೂ ಇಲ್ಲದಾಗ, ತನ್ನ ಮಗನಿಗೂ ಈಚೆಗೆ ಊಟ ಸೇರುತ್ತಿಲ್ಲ ಎಂದಳು. "ಮೂಸಬೇಡ, ಕೇಳು," ಎಂದಳು ಅಂಟಕ್ಕ.

ಮೆಣಸು ಪೂರ್ತಿ ಪಾರಾದಳು ಎಂದು ಸಲಹೆಗಾರ್ತಿ ಇನ್ನೂ ಹೇಳಿಲ್ಲ. ಮುಂದಿನ ಭೇಟಿ ಮಂಗಳವಾರ ಮಧ್ಯಾಹ್ನ, ಪಾಳಿ ಮುಗಿದ ಮೇಲೆ. ತಾಯಿ ಮಗಳು ಇಬ್ಬರೂ ಹೋಗುತ್ತಾರೆ. ಈ ಸಲ ಹೊಲಿಗೆಯವಳೂ ಮಗನನ್ನು ಕರೆದುಕೊಂಡು ಬರುತ್ತಿದ್ದಾಳೆ.