ಶಿವಲಕ್ಷ್ಮಿ ಟೀಚರ ಬಲಗಣ್ಣು

ಸೀಟಿ ಊದಿದ ಮರುಕ್ಷಣವೇ ಏನೋ ತಪ್ಪಾಗಿದೆ ಎಂದು ಶಿವಲಕ್ಷ್ಮಿಗೆ ಅನ್ನಿಸಿತು. ಗದಗಿನಲ್ಲಿ ಜಿಲ್ಲಾ ಮಟ್ಟದ ಹುಡುಗಿಯರ ಕಬಡ್ಡಿ ನಡೆದಿತ್ತು. ಬೆಳ್ಳಟ್ಟಿಗೂ ಲಕ್ಷ್ಮೇಶ್ವರಕ್ಕೂ ಸೆಮಿಫೈನಲ್. ದಾಳಿಗೆ ಹೋಗಿದ್ದ ಬೆಳ್ಳಟ್ಟಿಯ ಹುಡುಗಿಯನ್ನು ನಾಲ್ಕು ಜನ ಕೆಡವಿ ಹಿಡಿದಿದ್ದರು. ನಡುಗೆರೆಯ ತುದಿಯಲ್ಲಿ ನಿಂತಿದ್ದ ನಿರ್ಣಾಯಕಿ ಶಿವಲಕ್ಷ್ಮಿ ಔಟ್ ಕೊಟ್ಟಳು. ಒಮ್ಮೆಲೇ ಜನರೆಲ್ಲ ಕೂಗಿದರು.

"ಟೀಚರ್, ನನ್ನ ಕೈ ಗೆರಿ ದಾಟಿತ್ತ್ರೀ!" ಮಣ್ಣು ಮೆತ್ತಿದ ಕೈ ತೋರಿಸುತ್ತ ಆ ಹುಡುಗಿ ಅತ್ತಳು. ಹೆಸರು ನೇತ್ರಾ, ಒಂಬತ್ತನೆಯ ಇಯತ್ತೆ.

"ಇಷ್ಟು ಹತ್ರ ನಿಂತು ಕಾಣಲಿಲ್ಲೇನ್ರೀ? ಇಲ್ಲಾ, ನೋಡಬಾರದು ಅಂತ ಮೊದಲ ನಿರ್ಧಾರ ಆಗಿತ್ತೇನ್ರೀ?" ಎಂದರು ಬೆಳ್ಳಟ್ಟಿ ತಂಡದ ಮಾಸ್ತರರಾದ ದ್ಯಾಮಪ್ಪ.

ಶಿವಲಕ್ಷ್ಮಿ ಮುಂಡರಗಿಯ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಆಟದ ಟೀಚರು. ಕುರ್ತಕೋಟಿಯ ಎರೆಮಣ್ಣಿನಲ್ಲಿ, ಅಣ್ಣಂದಿರ ಜತೆ ಜಿದ್ದಿಗೆ ಬಿದ್ದು ಕಬಡ್ಡಿ ಕಲಿತವಳು. ವಿಶ್ವವಿದ್ಯಾಲಯದ ತಂಡಕ್ಕೂ ಆಡಿದ್ದಳು. ನಿರ್ಣಾಯಕಿಯಾಗಿ ನಿಂತಳೆಂದರೆ ತನ್ನ ಶಾಲೆಯ ಮಕ್ಕಳಿಗೂ ರಿಯಾಯಿತಿ ಇಲ್ಲವೆಂದು ಜಿಲ್ಲೆಯಲ್ಲೆಲ್ಲ ಹೆಸರಿತ್ತು. ಪಕ್ಷಪಾತದ ಮಾತು ಅವಳ ಮೇಲೆ ಬಂದದ್ದು ಅದೇ ಮೊದಲು.

ಯಾರೋ ಮೊಬೈಲಿನಲ್ಲಿ ವಿಡಿಯೋ ಹಿಡಿದಿದ್ದರು. ಮುಂಡರಗಿಯ ಬಸ್ಸಿನಲ್ಲಿ ಕೂತು ಅದನ್ನು ಹತ್ತು ಸಲವಾದರೂ ನೋಡಿದಳು. ನೇತ್ರಾಳ ಬೆರಳು ಗೆರೆ ದಾಟಿ ಒಂದು ಗೇಣು ಆಚೆಗಿತ್ತು, ತಾನು ನಿಂತ ಜಾಗದಿಂದ ಬರೀ ಐದಾರು ಹೆಜ್ಜೆ ದೂರ, ಎಡಕ್ಕೆ. ಕಂಡಿರಲೇಬೇಕು. ಆದರೆ ಕಂಡಿರಲಿಲ್ಲ.

ಆಮೇಲೆ ಒಂದೊಂದೇ ನೆನಪಾಗತೊಡಗಿತು. ಬಾಗಿಲ ಚೌಕಟ್ಟಿಗೆ ಎಡ ಭುಜ ಬಡಿದದ್ದು. ಊಟಕ್ಕೆ ಕೂತಾಗ ಎಡಗೈ ತಾಗಿ ನೀರಿನ ತಂಬಿಗೆ ಉರುಳಿದ್ದು. ಪೇಟೆಯಲ್ಲಿ ಸೈಕಲ್ಲಿನವನು ಎಲ್ಲಿಂದಲೋ ಉದುರಿದ ಹಾಗೆ ಪಕ್ಕದಲ್ಲಿ ಬಂದು ಬಯ್ದದ್ದು. ಇವೆಲ್ಲವನ್ನೂ ಅವಳು ಗಡಿಬಿಡಿಯ ಲೆಕ್ಕಕ್ಕೆ ಹಾಕಿದ್ದಳು.

ಬಡಗಿ ಕೆಲಸದ ಗಂಡ ಮೌನೇಶ ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಒಂದು ಗುಂಡನೆಯ ಪೆಟ್ಟಿಗೆಯೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಬಹಳ ಹೊತ್ತು ಚುಕ್ಕಿಯೇ ಬರಲಿಲ್ಲ. ಯಂತ್ರ ಕೆಟ್ಟಿರಬೇಕು ಎಂದುಕೊಂಡಳು. ಹೊರಗೆ ಬಂದ ಕಾಗದದಲ್ಲಿ ಎಡಗಣ್ಣಿನ ಚಿತ್ರ ಮುಕ್ಕಾಲು ಕಪ್ಪಾಗಿತ್ತು, ಬಲಗಣ್ಣಿನದರಲ್ಲಿ ಮೂಗಿನ ಕಡೆಗೆ ಒಂದು ಕಪ್ಪು ತುಂಡು.

"ಇದು ಗ್ಲಾಕೋಮಾ," ಎಂದರು ಡಾಕ್ಟರ್ ಆಯೇಶಾ. "ಕಣ್ಣಾಗ ನೀರು ಹುಟ್ಟತಿರತೈತಿ, ಹರಿದು ಹೋಗತಿರತೈತಿ. ಹೋಗೋ ದಾರಿ ಕಟಗೊಂಡ್ರ ಒಳಗ ಒತ್ತಡ ಏರಿ ನರ ಸಾಯತೈತಿ. ನೋವಾಗೂದಿಲ್ಲ, ಅದಕ್ಕ ಗೊತ್ತಾಗೂದಿಲ್ಲ."

"ಹೋದದ್ದು ವಾಪಸ್ ಬರತೈತೇನ್ರೀ?"

"ಇಲ್ಲ ಟೀಚರ್. ಇದ್ದದ್ದು ಉಳಿಸಿಕೊಳ್ಳಾಕ ನೋಡೋಣು."

ಆ ರವಿವಾರ ಅವಳು ಒಬ್ಬಳೇ ಬೆಳ್ಳಟ್ಟಿಗೆ ಹೋದಳು. ಶಾಲೆಯ ಬಯಲಲ್ಲಿ ಆಡುತ್ತಿದ್ದ ಹುಡುಗಿಯರನ್ನು ಕೂಡಿಸಿ ಹೇಳಿದಳು, "ನೇತ್ರಾ, ನಿನ್ನ ಕೈ ದಾಟಿತ್ತು. ನನ್ನ ಕಣ್ಣಿಗೆ ರೋಗ ಆಗೇತಿ, ಕಾಣಲಿಲ್ಲ. ತಪ್ಪು ನಂದು." ಹುಡುಗಿ ಕಾಲಿನಿಂದ ಗೆರೆಯ ಮಣ್ಣು ಕೆದಕಿದಳು. ದ್ಯಾಮಪ್ಪ ಮಾಸ್ತರು ಬಸ್ಸಿನವರೆಗೆ ಬಂದರು. "ಹುಷಾರ್ರೀ ಟೀಚರ್" ಎಂದರು. ಹೋದ ಸೆಮಿಫೈನಲ್ ಹೋಗಿಯೇ ಇತ್ತು.

ಐದು ತಿಂಗಳು ಹನಿ ಔಷಧ ಹಾಕಿದರು. ಒಂದು ಹನಿಗೆ ಉಬ್ಬಸ ಬಂತು, ಬಿಡಿಸಿದರು. ಇನ್ನೊಂದಕ್ಕೆ ರೆಪ್ಪೆ ಕೆಂಪಾಗಿ ಬಾತವು. ಎಡಗಣ್ಣಿನ ಒತ್ತಡ ಹೇಗೋ ಇಳಿಯಿತು. ಚೆನ್ನಾಗಿ ಕಾಣುವ ಬಲಗಣ್ಣಿನಲ್ಲೇ, ಇಪ್ಪತ್ತೊಂದರೊಳಗೆ ಇರಬೇಕಾದದ್ದು, ಇಪ್ಪತ್ತೆಂಟರಿಂದ ಕೆಳಗೆ ಬರಲಿಲ್ಲ.

"ಹಳೇ ಪದ್ಧತಿ ದೊಡ್ಡ ಆಪರೇಶನ್ ಐತಿ," ಎಂದರು ಡಾಕ್ಟರ್. "ಒತ್ತಡ ಭಾಳ ಇಳಿತೈತಿ, ಆದ್ರ ಮಾಯಾಕ ದಿನಾ ಹಿಡಿತೈತಿ, ಮುಂದ ತ್ರಾಸನೂ ಇರಬಹುದು. ನಿಮ್ಮ ಬಲಗಣ್ಣಿಗೆ ಸಣ್ಣದು ಸಾಕು ಅನಸತೈತಿ. ಕರಿಗುಡ್ಡಿ ಅಂಚಿಗೆ ಸೂಜಿಯಷ್ಟು ತೂತು ಮಾಡಿ, ಒಳಗಿನಿಂದನ ಕಟಗೊಂಡ ಜಾಗಾ ತೆರಿತೀವಿ. ಕೆಲವರಿಗೆ ಸಣ್ಣ ನಳಿಗಿ ಇಡತೀವಿ, ನಿಮಗ ಅದು ಬೇಕಾಗಿಲ್ಲ. ಸಾಲಲಿಲ್ಲಂದ್ರ ದೊಡ್ಡದಕ್ಕ ದಾರಿ ಇದ್ದೇ ಇರತೈತಿ."

"ಕೆಟ್ಟ ಕಣ್ಣಿಗೆ ಮೊದಲ ಮಾಡಬಾರದೇನ್ರೀ? ಇದಕ್ಕ ಏನರ ಆದ್ರ?"

"ಉಳಿಬೇಕಾದದ್ದು ಇದ ಅಲ್ಲೇನ್ರೀ," ಎಂದರು ಆಯೇಶಾ. ಅಪಾಯವೇ ಇಲ್ಲ ಎಂದು ಮಾತ್ರ ಅವರು ಹೇಳಲಿಲ್ಲ.

ಆಪರೇಶನ್ನಿನ ಹಿಂದಿನ ವಾರ ಅವಳು ಎರಡು ಸಲ ಬೇಡವೆಂದಳು. ಅಡುಗೆಮನೆಯಲ್ಲಿ ಬಲಗಣ್ಣು ಮುಚ್ಚಿಕೊಂಡು ಅಡ್ಡಾಡಿ ನೋಡಿದಳು. ಮೌನೇಶನ ಮುಖ ಕೊಳವೆಯೊಳಗಿಂದ ನೋಡಿದಷ್ಟೇ ಕಂಡಿತು. ಇದೊಂದು ಕೈಕೊಟ್ಟರೆ ಉಳಿಯುವುದು ಇಷ್ಟೇ. ಹಾಗೇ ಬಿಟ್ಟರೂ ಒತ್ತಡ ಅದನ್ನು ತಿನ್ನುತ್ತಲೇ ಇರುತ್ತದೆ ಎಂದು ಕೊನೆಗೆ ಒಪ್ಪಿದಳು.

ಆಪರೇಶನ್ ಇಪ್ಪತ್ತು ನಿಮಿಷದ್ದು. ತಲೆ ಒಂದು ಕಡೆ ವಾಲಿಸಿ, ಅಲುಗಾಡಬೇಡಿರಿ ಎಂದರು. ನೋವಿರಲಿಲ್ಲ. ಬೆಳಕು ಮಾತ್ರ ಅತ್ತಿತ್ತ ಸರಿದಾಡಿತು. ಉಸಿರನ್ನೂ ಅಳೆದು ಬಿಟ್ಟಳು.

ಮರುದಿನ ಪಟ್ಟಿ ಬಿಚ್ಚಿದಾಗ ಬಲಗಣ್ಣಿಗೆ ಏನೂ ಕಾಣಲಿಲ್ಲ. ಕೆಂಪು ಮಬ್ಬು, ಅದರಾಚೆ ಕಿಟಕಿಯ ಬೆಳಕು, ಅಷ್ಟೇ.

"ರೀ, ನನ್ನ ಕಣ್ಣು ಹೋತ್ರೀ!" ಎಂದು ಗಂಡನ ತೋಳು ಹಿಡಿದಳು.

ಡಾಕ್ಟರ್ ಬಂದು ದೀಪ ಹಾಕಿ ನೋಡಿದರು. "ಒಳಗ ಸ್ವಲ್ಪ ರಕ್ತ ಇಳದೈತಿ. ಹಿಂಗ ಆಗಬಹುದು ಅಂತ ಹೇಳಿದ್ದೆ, ಮರತೀರಿ. ಒಂದ ವಾರದಾಗ ಕರಗತೈತಿ. ತಲಿ ಎತ್ತರಕ್ಕಿಟ್ಟು ಮಲಗರಿ, ಬಗ್ಗಬ್ಯಾಡ್ರಿ, ಭಾರ ಎತ್ತಬ್ಯಾಡ್ರಿ. ನೋವಾದ್ರ ಹೊತ್ತು ನೋಡಬ್ಯಾಡ್ರಿ, ಫೋನ್ ಮಾಡ್ರಿ."

ಹೇಳಿದ್ದು ನಿಜ. ಆದರೆ ಕೇಳಿಸಿಕೊಂಡ ಮಾತು ಬೇರೆ, ಬರೀ ಕೆಂಪು ಕಾಣುವ ಕಣ್ಣು ಬೇರೆ. ಮೌನೇಶ ಮನೆಗೆ ಬಂದವನೇ ಬೇವಿನ ಕಟ್ಟಿಗೆಯ ಎರಡು ದಿಮ್ಮಿ ಕೊರೆದು ಮಂಚದ ತಲೆಗಡೆಯ ಕಾಲುಗಳ ಕೆಳಗೆ ಕೊಟ್ಟ. ಅವಳು ಮಂಚದ ಮೇಲೆ ಒರಗಿ ಕೂತು, ಎದುರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಗಳಿಗೆಗೊಮ್ಮೆ ಎಡಗಣ್ಣು ಮುಚ್ಚಿ ಬಲಗಣ್ಣಿಗೆ ಪರೀಕ್ಷೆ.

"ಎಷ್ಟು ಸಲಾ ನೋಡತಿ? ಕಣ್ಣಿಗೂ ದಣಿವಿರತೈತಿ."

"ನಿಮಗೇನ್ರೀ, ಎರಡೂ ಅದಾವು."

ಮೌನೇಶ ಬಗ್ಗಿ ಮಂಚದ ಕೆಳಗಿನ ದಿಮ್ಮಿಯನ್ನು ನೆಟ್ಟಗೆ ಸರಿಸಿದ. ಅಂದದ್ದಕ್ಕೆ ಅವಳಿಗೇ ಕೆಟ್ಟದೆನಿಸಿತು.

ಮೂರನೆಯ ದಿನ ಮಬ್ಬಿನ ಮೇಲುಭಾಗ ತಿಳಿಯಾಯಿತು, ರಾಡಿ ನೀರು ತಳಕ್ಕೆ ಕೂತ ಹಾಗೆ. ಐದನೆಯ ದಿನ ಕ್ಯಾಲೆಂಡರಿನ ದೊಡ್ಡ ಅಂಕಿ ಕಂಡವು. ಎಂಟನೆಯ ದಿನ ಹುಬ್ಬಳ್ಳಿಯಲ್ಲಿ ಅಳೆದಾಗ ಒತ್ತಡ ಹದಿನಾಲ್ಕು. ಆಗಲೇ ಅವಳು ಅತ್ತದ್ದು.

"ಖುಷಿ ಪಡ್ರಿ, ಆದ್ರ ತಪಾಸಣಿ ತಪ್ಪಿಸಬ್ಯಾಡ್ರಿ. ಹನಿ ಒಂದಂತೂ ಇರತೈತಿ," ಎಂದರು ಆಯೇಶಾ. "ಅಣ್ಣಾ, ತಮ್ಮ, ಅಕ್ಕ ಯಾರದಾರ? ಇದು ಒಂದ ಮನಿತನದಾಗ ಇರತೈತಿ."

ಅಣ್ಣಂದಿರು ಮುಂದಿನ ವಾರವೇ ತೋರಿಸಿಕೊಂಡರು, ಏನೂ ಇರಲಿಲ್ಲ. ಕಣಗಿನಹಾಳಕ್ಕೆ ಕೊಟ್ಟಿದ್ದ ಅಕ್ಕ ದುರಗವ್ವ ಮಾತ್ರ ಕೇಳಲೊಲ್ಲಳು. ಫೋನಿನಲ್ಲೇ ನಕ್ಕಳು.

"ಸೂಜಿಗೆ ದಾರ ಪೋಣಸತೀನವ್ವಾ. ನನಗ ಚಲೋ ಕಾಣತೈತಿ."

"ನನಗೂ ಚಲೋ ಕಾಣತಿತ್ತಕ್ಕಾ."

"ಯಾವತ್ತು ಬರಬೇಕು?" ಎಂದಳು ದುರಗವ್ವ.

ಶಿವಲಕ್ಷ್ಮಿ ಈಗಲೂ ಮಕ್ಕಳಿಗೆ ಕಬಡ್ಡಿ ಕಲಿಸುತ್ತಾಳೆ, ನಿರ್ಣಾಯಕಿಯಾಗಿ ಮಾತ್ರ ನಿಲ್ಲುವುದಿಲ್ಲ. ಅಕ್ಕನ ಕಣ್ಣಿನಲ್ಲೂ ಒತ್ತಡ ಏರಿತ್ತು, ನರಕ್ಕೆ ಇನ್ನೂ ಪೆಟ್ಟಾಗಿರಲಿಲ್ಲ. ಮಲಗುವಾಗ ಒಂದು ಹನಿ ಬರೆದುಕೊಟ್ಟರು. ದುರಗವ್ವ ಅದನ್ನು ಮರೆಯುತ್ತಾಳೆಂದು ತಂಗಿಯ ಚಿಂತೆ. ಅದಕ್ಕೇ ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಾಳೆ, ಅಕ್ಕ ದಿನಾ ಬಯ್ಯುತ್ತಾಳೆ, ಬಯ್ಯುತ್ತಲೇ ಹನಿ ಹಾಕಿಕೊಳ್ಳುತ್ತಾಳೆ.